ಬಿಲ್ಲೆ ಇದ್ದ ಕಾಲದ ಸೈಕಲ್ಲು

ಹೋದ ವರ್ಷ ಸಕ್ಕರೆ ಜಾಸ್ತಿಯಾಗಿದೆ, ಕಾಲಿಗೆ ಕೆಲಸ ಕೊಡಿ ಅಂತ ಡಾಕ್ಟರು ಗದರಿದ ಮೇಲೆ, ಐವತ್ತಾರು ತುಂಬಿದ ನಾನು ಮತ್ತೆ ಸೈಕಲ್ ಹತ್ತಿದೆ. ನಾನು ಪಾಠ ಮಾಡುವ ಶಾಲೆ ಇರುವುದು ಹಾರನಹಳ್ಳಿ ಕಡೆ. ಅರಸೀಕೆರೆಯಿಂದ ಹಾಸನ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಆಸುಪಾಸು. ಮೊದಲು ಬಸ್ಸಿನಲ್ಲಿ, ಆಮೇಲೆ ಬೈಕಿನಲ್ಲಿ ಅದೇ ರಸ್ತೆಯಲ್ಲಿ ಓಡಾಡಿದವನು. ಎಲ್ಲಿ ಗುಂಡಿ, ಎಲ್ಲಿ ಹಂಪು ಅಂತ ಬಾಯಿಪಾಠ ಅಂದುಕೊಂಡಿದ್ದೆ. ಸೈಕಲ್ ಮೇಲೆ ಕೂತ ಮೊದಲ ದಿನವೇ ಗೊತ್ತಾಯಿತು, ಇದು ಬೇರೆಯೇ ರಸ್ತೆ. ಬೈಕಿನಲ್ಲಿ ಹೋಗುವಾಗ ಇಲ್ಲದ ಏರು ಎಲ್ಲಿಂದಲೋ ಎದ್ದು ಬಂತು. ಹಿಂದಿನಿಂದ ಬರುವ ಪ್ರತಿ ಹಾರನ್ನೂ ನನಗೇ ಬೈದ ಹಾಗೆ ಕೇಳಿಸಿತು.

ಮೂರನೇ ದಿನ ಬಿದ್ದೆ. ಒಂದು ಬಸ್ಸು ಹಿಂದೆ ಬಂದು ಹಾರನ್ ಒತ್ತಿದ ರಭಸಕ್ಕೆ ಹೆದರಿ ಇನ್ನೂ ಎಡಕ್ಕೆ ಎಳೆದುಕೊಂಡೆ. ಟಾರು ಮುಗಿದು ಮಣ್ಣು ಶುರುವಾಗುವ ಕಡೆ ಗೇಣುದ್ದದ ತಗ್ಗು. ಮುಂದಿನ ಗಾಲಿ ಇಳಿಯಿತು, ಹಿಂದಿನದು ಇಳಿಯಲಿಲ್ಲ. ಮಂಡಿ ಕಿತ್ತು, ಟಿಫನ್ ಡಬ್ಬಿಯ ಚಿತ್ರಾನ್ನ ಚೆಲ್ಲಿ, ಎದುರಿನ ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರು ಓಡಿ ಬಂದು ಎತ್ತಿದರು. ‘ಮೇಷ್ಟ್ರೇ, ಈ ವಯಸ್ಸಲ್ಲಿ ನಿಮಗ್ಯಾಕೆ ಇದು’ ಅಂದರು. ಆ ಮಾತಿಗಿಂತ ನೋವಾಗಿದ್ದು, ಇದನ್ನೆಲ್ಲ ಅಪ್ಪ ನನಗೆ ನಲವತ್ತು ವರ್ಷದ ಹಿಂದೆಯೇ ಹೇಳಿದ್ದ, ನಾನು ಮರೆತಿದ್ದೆ ಅನ್ನುವುದು.

ಅಪ್ಪ ಅರಸೀಕೆರೆಯ ಲೋಕೋ ಶೆಡ್ಡಿನಲ್ಲಿ ಕಾಲ್‌ಬಾಯ್ ಆಗಿ ಕೆಲಸಕ್ಕೆ ಸೇರಿದವನು. ಈಗಿನವರಿಗೆ ಈ ಪದ ಗೊತ್ತಿರಲಾರದು. ಮೀಟರ್ ಗೇಜಿನ ಉಗಿಬಂಡಿ ಕಾಲದಲ್ಲಿ ಗೂಡ್ಸು ಗಾಡಿ ಹೊರಡುವುದಕ್ಕೆ ಇಂತಿಷ್ಟೇ ಹೊತ್ತು ಅಂತ ಇರುತ್ತಿರಲಿಲ್ಲ. ರಾತ್ರಿ ಒಂದಕ್ಕೋ ಎರಡಕ್ಕೋ ಗಾಡಿಗೆ ಜನ ಬೇಕು ಅಂತ ಗೊತ್ತಾದರೆ ಡ್ರೈವರು, ಫೈರ್‌ಮನ್ನು, ಗಾರ್ಡು ಇವರ ಮನೆಗೆ ಹೋಗಿ ಎಬ್ಬಿಸಬೇಕು. ಫೋನು ಎಲ್ಲಿತ್ತು? ಶೆಡ್ಡಿನಲ್ಲಿ ಒಂದು ಪುಸ್ತಕ, ಅದಕ್ಕೆ ಕಾಲ್ ಬುಕ್ ಅಂತ ಹೆಸರು. ಯಾರಿಗೆ ಯಾವ ಗಾಡಿ, ಎಷ್ಟು ಗಂಟೆಗೆ ಡ್ಯೂಟಿ ಅಂತ ಅದರಲ್ಲಿ ಬರೆದು ಕೊಡುತ್ತಿದ್ದರು. ಕಾಲ್‌ಬಾಯ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಸೈಕಲ್ ಹತ್ತಿ, ಮನೆ ಬಾಗಿಲು ಬಡಿದು, ನಿದ್ದೆಗಣ್ಣಿನ ಡ್ರೈವರ ಕೈಯಲ್ಲಿ ಸಮಯ ಹಾಕಿಸಿ ಸಹಿ ಮಾಡಿಸಬೇಕು. ಸಹಿ ಇಲ್ಲದಿದ್ದರೆ ಗಾಡಿ ತಡವಾದ ತಪ್ಪು ಕಾಲ್‌ಬಾಯ್ ತಲೆಗೆ. ಒಬ್ಬ ಡ್ರೈವರು ಏಳದಿದ್ದಾಗ ಅವರ ಹೆಂಡತಿಯೇ ಬಾಗಿಲು ತೆಗೆದು, ಗಂಡನ ಹೆಬ್ಬೆರಳು ಹಿಡಿದು ಮಸಿ ಒತ್ತಿಸಲು ಹೋಗಿದ್ದರಂತೆ. ಇದು ಅಪ್ಪ ಹೇಳಿದ ಕಥೆ. ಅಪ್ಪನ ಕಥೆಗಳಲ್ಲಿ ಉಪ್ಪು ಸ್ವಲ್ಪ ಮುಂದೆಯೇ ಇರುತ್ತಿತ್ತು.

ಹೀಗೆ ವರ್ಷಗಟ್ಟಲೆ ರಾತ್ರಿ ಹೊತ್ತು ಸೈಕಲ್ ತುಳಿದವನು ಒಂದೇ ಒಂದು ಸಲ ಬಿದ್ದಿದ್ದ. ಅದೂ ರಸ್ತೆಯಲ್ಲಲ್ಲ, ಯಾರ್ಡಿನಲ್ಲಿ. ಹಳಿಯನ್ನು ಓರೆಯಾಗಿ ದಾಟಲು ಹೋಗಿ ಗಾಲಿ ಹಳಿಯ ಪಕ್ಕದ ಸಂದಿಗೆ ಸಿಕ್ಕಿ, ಗಲ್ಲಕ್ಕೆ ಹೊಲಿಗೆ ಬಿದ್ದಿತ್ತು. ಆ ಗುರುತು ಸವರಿಕೊಳ್ಳುತ್ತಲೇ ನನಗೆ ಹೇಳುತ್ತಿದ್ದ: ‘ಹಳಿಗೆ ಅಡ್ಡಡ್ಡ ಹೋಗು ಮಗಾ, ಓರೆ ಹೋಗ್ಬೇಡ. ಮಳೆ ಬಂದಿದ್ರೆ ಇಳ್ದು ತಳ್ಳು. ಅದ್ರಲ್ಲಿ ಮಾನ ಹೋಗೋದೇನಿಲ್ಲ.’

ಅರಸೀಕೆರೆ ರೈಲಿನ ಊರು. ಊರು ಅಂತೇನೋ ಹಳೆಯದೇ. ಹೆಸರಿನಲ್ಲೇ ಅರಸಿ ಕಟ್ಟಿಸಿದ ಕೆರೆ ಇದೆ, ನಕ್ಷತ್ರದ ಆಕಾರದ ಮಂಟಪವಿರುವ ಶಿವಾಲಯವನ್ನು ಹೊಯ್ಸಳರ ಕಾಲದಲ್ಲಿ 1220ರಲ್ಲಿ ಕಟ್ಟಿದ್ದು. ಆದರೆ ನಾವು ಬೆಳೆದ ಅರಸೀಕೆರೆಯನ್ನು ಮಾಡಿದ್ದು ರೈಲು. ಬೆಂಗಳೂರಿನಿಂದ ತುಮಕೂರಿಗೆ ಹಳಿ ಬಂದಿದ್ದು 1884ರಲ್ಲಿ. ನಮ್ಮೂರನ್ನು ಹಾದು ಹರಿಹರ ಮುಟ್ಟಿದ್ದು 1889ರಲ್ಲಿ. ಹಾಸನದ ಮೇಲೆ ಮೈಸೂರಿಗೆ ಹೋಗುವ ದಾರಿ 1918ರ ಹೊತ್ತಿಗೆ ಕೂಡಿಕೊಂಡು ಜಂಕ್ಷನ್ ಆಯಿತು. ತುಮಕೂರಿನಿಂದ ಹರಿಹರದ ಕಡೆ ಹಳಿ ಬೆಳೆಯುತ್ತಿದ್ದ ಹೊತ್ತಿನಲ್ಲೇ ಲೋಕದ ಇನ್ನೊಂದು ಮೂಲೆಯಲ್ಲಿ ಸೈಕಲ್ಲೂ ಈಗಿನ ರೂಪಕ್ಕೆ ಬರುತ್ತಿತ್ತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮವಿರುವ, ಹಿಂದಿನ ಗಾಲಿಗೆ ಚೈನ್ ಹಾಕಿದ ರೋವರ್ ಸೈಕಲ್ ತಂದಿದ್ದು 1885ರಲ್ಲಿ. ಅದಕ್ಕೂ ಮುಂಚೆ ಇದ್ದದ್ದು ಆಳೆತ್ತರದ ಮುಂಗಾಲಿಯ ಸೈಕಲ್ಲು. ಸಣ್ಣ ಕಲ್ಲು ಸಿಕ್ಕರೂ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. ಹಾಗಾಗಿ ಹೊಸದಕ್ಕೆ ಜನ ‘ಸೇಫ್ಟಿ ಬೈಸಿಕಲ್’ ಅಂತಲೇ ಕರೆದರು. 1888ರಲ್ಲಿ ಡನ್‌ಲಪ್ ಎಂಬ ದನದ ಡಾಕ್ಟರು ಗಾಳಿ ತುಂಬಿದ ಟೈರು ಮಾಡಿದರು. ಮರುವರ್ಷ ನಮ್ಮೂರಿಗೆ ರೈಲು. ಮಕ್ಕಳಿಗೆ ಪಾಠ ಮಾಡುವಾಗ ಈ ಮೂರು ಇಸವಿಯನ್ನು ಬೋರ್ಡಿನ ಮೇಲೆ ಸಾಲಾಗಿ ಬರೆಯುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಮೊದಲು ಬಂದದ್ದೆಲ್ಲ ವಿಲಾಯತಿ ಮಾಲು: ರ‍್ಯಾಲಿ, ಹಂಬರ್, ಬಿ.ಎಸ್.ಎ. ಸ್ವಾತಂತ್ರ್ಯ ಬಂದ ಮೇಲೆ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಕಂಪನಿಯ ಹರ್ಕ್ಯುಲಿಸ್, 1951ರಲ್ಲಿ ಸೋನಿಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. ಅಪ್ಪನದು ಹರ್ಕ್ಯುಲಿಸ್. ಸರ್ಕಾರಿ ನೌಕರರಿಗೆ ಆಗ ಸೈಕಲ್ ಅಡ್ವಾನ್ಸ್ ಅಂತ ಕೊಡುತ್ತಿದ್ದರು. ಸೈಕಲ್ ತಗೊಂಡು, ತಿಂಗಳ ಸಂಬಳದಲ್ಲಿ ಮುರಿಸಿಕೊಳ್ಳುವುದು. ಕಂತು ತೀರಿದ ದಿನ ಅಪ್ಪ ಹ್ಯಾಂಡಲ್ಲಿಗೆ ಹೂವಿನ ಹಾರ ಹಾಕಿದ್ದನ್ನು ಅಮ್ಮ ಹೇಳಿ ನಗುತ್ತಿದ್ದಳು.

ಆ ಸೈಕಲ್ಲಿಗೆ ಮುಂದೆ ಒಂದು ಸೀಮೆಎಣ್ಣೆ ದೀಪ. ಪಕ್ಕಕ್ಕೆ ಸಣ್ಣ ಕೆಂಪು, ಹಸಿರು ಗಾಜು. ಗಾಳಿಗೆ ಆರದ ಹಾಗೆ ಬತ್ತಿ ಕತ್ತರಿಸುವುದೇ ಒಂದು ವಿದ್ಯೆ. ದೀಪವಿಲ್ಲದೆ ಕತ್ತಲಲ್ಲಿ ಸೈಕಲ್ ಹೊಡೆದರೆ ಪೊಲೀಸರು ಹಿಡಿಯುತ್ತಿದ್ದರು. ‘ಈಗ ತಾನೆ ಆರಿತು ಸ್ವಾಮಿ’ ಅಂದರೆ ಬಿಡುತ್ತಿರಲಿಲ್ಲ. ಪೇದೆ ದೀಪದ ತಲೆ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ. ಬಿಸಿ ಇದ್ದರೆ ಬಿಡುಗಡೆ, ತಣ್ಣಗಿದ್ದರೆ ದಂಡ. ಅಪ್ಪನ ಜೊತೆಯವನೊಬ್ಬ ಎಣ್ಣೆ ಉಳಿಸಲು ದೀಪ ಹಚ್ಚದೆ, ದೂರದಲ್ಲಿ ಟೋಪಿ ಕಂಡ ತಕ್ಷಣ ಬೀಡಿ ಬೆಂಕಿಯನ್ನು ಚಿಮಣಿಗೆ ಹಿಡಿಯುತ್ತಿದ್ದನಂತೆ. ಡಬಲ್ಸ್ ಹೊಡೆದರೂ ತಪ್ಪೇ. ಹಿಂದೆ ಕೂತವನು ಪೊಲೀಸರನ್ನು ಕಂಡು ಪಟಕ್ಕನೆ ಹಾರಿ, ಏನೂ ಗೊತ್ತಿಲ್ಲದವನ ಹಾಗೆ ನಡೆಯುವುದನ್ನು ನಮ್ಮ ತಲೆಮಾರಿನವರೆಲ್ಲ ಅಭ್ಯಾಸ ಮಾಡಿದ್ದೆವು.

ಇದರ ಜೊತೆಗೆ ಬಿಲ್ಲೆ. ಪುರಸಭೆಗೆ ವರ್ಷವರ್ಷ ಸೈಕಲ್ ತೆರಿಗೆ ಕಟ್ಟಿದರೆ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದರು. ಮೋಟಾರು ಇಲ್ಲದ ಗಾಡಿಗಳ ಮೇಲೂ ತೆರಿಗೆ ಹಾಕಬಹುದು ಅಂತ 1964ರ ಪುರಸಭೆಗಳ ಕಾಯ್ದೆಯಲ್ಲೇ ಇತ್ತು. ಜಟಕಾ, ಎತ್ತಿನ ಗಾಡಿ, ಸೈಕಲ್ಲು ಎಲ್ಲ ಅದೇ ಲೆಕ್ಕ. ಏಪ್ರಿಲ್ ಕಳೆದ ಮೇಲೆ ಪುರಸಭೆಯ ಆಳುಗಳು ಬಿ.ಎಚ್. ರಸ್ತೆಯಲ್ಲಿ ಅಡ್ಡ ನಿಂತು ಹಳೇ ಬಿಲ್ಲೆಯವರನ್ನು ಹಿಡಿದು, ಸೈಕಲ್ಲು ಕಿತ್ತುಕೊಂಡು ಸಾಲಾಗಿ ಮಲಗಿಸುತ್ತಿದ್ದರು. ಹಳ್ಳಿಯಿಂದ ಹಾಲಿನ ಕ್ಯಾನು ತಂದವನು, ಹ್ಯಾಂಡಲ್ಲಿನ ಎರಡೂ ಕಡೆ ಎಳನೀರಿನ ಗೊನೆ ಇಳಿಬಿಟ್ಟವನು, ಎಲ್ಲರೂ ಅಲ್ಲಿ ದೀನರಾಗಿ ನಿಂತಿರುತ್ತಿದ್ದರು. ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಹಳೇ ನಂಬರು 206. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ಎಲ್ಲ ಊರುಗಳ ಹೊಟ್ಟೆಯೊಳಗೆ ಹಾದುಹೋಗುವ ದಾರಿ. ಬಸ್ಸು, ಕೊಬ್ಬರಿ ಲಾರಿ, ದನ, ಸೈಕಲ್ಲು, ಎಲ್ಲಕ್ಕೂ ಅದೊಂದೇ.

ಅಪ್ಪನ ಟ್ರಂಕಿನಲ್ಲಿ ಅಂಥ ಒಂದು ಬಿಲ್ಲೆ ಈಗಲೂ ಇದೆ. ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಮೇಲೆ ಒಂದು ತೂತು, ಅಂಚು ಸವೆದು ನುಣುಪಾಗಿದೆ. 68–69 ಅಂತ ವರ್ಷ, ಕೆಳಗೆ ನಂಬರು. ನಾನು ಹುಟ್ಟಿದ ವರ್ಷದ್ದು. ಅದಕ್ಕೇ ಇಟ್ಟುಕೊಂಡನೋ, ಎಸೆಯಲು ಮರೆತನೋ.

ನಾನು ಸೈಕಲ್ ಕಲಿತದ್ದು ಅಪ್ಪನ ಹರ್ಕ್ಯುಲಿಸ್‌ನಲ್ಲಲ್ಲ, ಅದನ್ನು ಮುಟ್ಟುವ ಹಾಗಿರಲಿಲ್ಲ. ಬಾಡಿಗೆ ಸೈಕಲ್ಲಿನಲ್ಲಿ. ಗಂಟೆಗೆ ಮೂವತ್ತು ಪೈಸೆ. ಅಂಗಡಿ ಸಾಹೇಬರು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಹುಡುಗನ ಹೆಸರು, ಅಪ್ಪನ ಹೆಸರು, ಮಡ್‌ಗಾರ್ಡ್ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸೈಕಲ್ ನಂಬರು, ಹೊರಟ ಹೊತ್ತು ಬರೆಯುತ್ತಿದ್ದರು. ಬಾರ್ ಎತ್ತರ, ಕಾಲು ಗಿಡ್ಡ. ಬಾರಿನ ಕೆಳಗಿಂದ ಕಾಲು ತೂರಿಸಿ ಕತ್ರಿ ಪೆಡಲ್ ಹೊಡೆಯಬೇಕು. ಮೈ ಒಂದು ಕಡೆ, ಸೈಕಲ್ಲು ಒಂದು ಕಡೆ, ತಲೆ ಇನ್ನೊಂದು ಕಡೆ. ಆ ಭಂಗಿಯಲ್ಲಿ ಬ್ಯಾಲೆನ್ಸ್ ಸಿಕ್ಕವನಿಗೆ ಆಮೇಲೆ ಸೀಟಿನ ಮೇಲೆ ಕೂರುವುದು ನೀರು ಕುಡಿದಷ್ಟು ಸಲೀಸು. ಹೇಳಿದ ಹೊತ್ತಿಗೆ ಹಿಂತಿರುಗದಿದ್ದರೆ ಸಾಹೇಬರು ಬೈಯುತ್ತಿದ್ದರು. ಮೊದಲು ಮಂಡಿ, ಮೊಣಕೈ ನೋಡಿ, ಆಮೇಲೆ ಗಾಲಿಯ ಬೆಂಡು ನೋಡಿ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಐದು ಜನ ಹಳೇಬೀಡಿಗೆ ಸೈಕಲ್ಲಲ್ಲಿ ಹೋದೆವು. ಬಾಣಾವರ, ಜಾವಗಲ್, ಹಳೇಬೀಡು. ಅಲ್ಲಿಂದ ಬೇಲೂರು ಇನ್ನು ಹದಿನಾರೇ ಕಿಲೋಮೀಟರ್ ಅಂತ ಆಸೆಯಾಗಿತ್ತು, ಕಾಲು ಬೇಡ ಅಂದವು. ಹೊಯ್ಸಳೇಶ್ವರನ ಗೋಡೆಯಲ್ಲಿ ಮಹಾಭಾರತದ ರಥಗಳನ್ನು ನೋಡುತ್ತ ಒಬ್ಬ ‘ಇದಕ್ಕೂ ಬ್ರೇಕಿಲ್ಲ ಕಣ್ರೋ’ ಅಂದ. ನಮ್ಮ ಬಾಡಿಗೆ ಸೈಕಲ್ಲುಗಳಿಗೂ ಇರಲಿಲ್ಲ. ರಾಡ್ ಬ್ರೇಕು, ಹಿಡಿದರೆ ಶಬ್ದ ಮಾತ್ರ. ಬರುವಾಗ ಕತ್ತಲಾಯಿತು. ದಾರಿಯ ಒಂದು ಊರಿನಲ್ಲಿ ಪೇದೆಯೊಬ್ಬರು ನಿಲ್ಲಿಸಿ, ದೀಪವಿಲ್ಲ ಅಂತ ಐದೂ ಸೈಕಲ್ಲಿನ ವಾಲ್ವ್ ಕಿತ್ತು ಗಾಳಿ ಬಿಟ್ಟು ಕಳಿಸಿದರು. ಪಂಪು ಇದ್ದವರ ಮನೆ ಹುಡುಕಿಕೊಂಡು ಎಷ್ಟೋ ದೂರ ತಳ್ಳಿದೆವು. ಆಗ ಅವರಿಗೆ ಹಾಕಿದ ಶಾಪವನ್ನು ಈಗ ವಾಪಸು ತಗೊಳ್ಳುತ್ತೇನೆ. ಅಮಾವಾಸ್ಯೆ ಎದುರಿನ ಕತ್ತಲೆ, ಎದುರಿಗೆ ಲಾರಿಗಳು. ಐದು ಹುಡುಗರು ಲಾರಿಯವನ ಕಣ್ಣಿಗೆ ಕಾಣುವುದು ಎಲ್ಲಿಂದ ಬಂತು? ನಡೆದುಕೊಂಡು ಬಂದಿದ್ದಕ್ಕೇ ಬದುಕಿದೆವೋ ಏನೋ.

ಮನೆಗೆ ಬಂದಾಗ ನಡುರಾತ್ರಿ. ಅಪ್ಪ ಹೊಡೆಯಲಿಲ್ಲ. ಊಟ ಆಗುವತನಕ ಸುಮ್ಮನಿದ್ದು ಆಮೇಲೆ ಪಾಠ ಶುರು ಮಾಡಿದ. ನಾನು ಅರ್ಧ ನಿದ್ದೆಯಲ್ಲಿ ಕೇಳಿದ್ದು.

‘ಅಂಚಿಗೆ ಹೋಗ್ಬೇಡ. ಟಾರಿನ ಅಂಚಿಂದ ಎರಡು ಮೊಳ ಒಳಗಿರು. ಅಂಚಲ್ಲಿ ಹೋದ್ರೆ ಬಸ್ಸೋನಿಗೆ ಜಾಗ ಇದೆ ಅನ್ಸುತ್ತೆ, ಉಜ್ಕೊಂಡು ಹೋಗ್ತಾನೆ. ಒಳಗಿದ್ರೆ ಬೈಕೊಂಡಾದ್ರೂ ಸ್ಟೇರಿಂಗ್ ತಿರುಗಿಸ್ತಾನೆ. ಬೈದ್ರೆ ಬೈಲಿ. ರೋಡು ನಿಮ್ಮಪ್ಪಂದೂ ಅಲ್ಲ, ಬಸ್ಸೋನಪ್ಪಂದೂ ಅಲ್ಲ.’

ನಾನು ಬಿದ್ದ ಜಾಗಕ್ಕೆ ಮರುವಾರ ಹೋಗಿ ನಿಂತು ನೋಡಿದೆ. ಅಪ್ಪನ ಕಾಲದ ರಸ್ತೆಯಲ್ಲಿ ನಡುವೆ ಒಂದು ಬಸ್ಸಿನ ಅಗಲದ ಟಾರು, ಎರಡೂ ಬದಿಗೆ ಅದೇ ಮಟ್ಟದ ಮಣ್ಣು. ಬಸ್ಸು ಬಂದರೆ ಗಾಡಿ, ಸೈಕಲ್ಲು ಮಣ್ಣಿಗಿಳಿದು ಮತ್ತೆ ಮೇಲೆ ಬರುತ್ತಿದ್ದವು. ಆಮೇಲೆ ಟಾರಿನ ಮೇಲೆ ಟಾರು, ಅದರ ಮೇಲೆ ಇನ್ನೊಂದು ಪದರ. ಮಣ್ಣು ಮಳೆಗೆ ಕೊಚ್ಚಿ ಕೆಳಗೆ ಹೋಯಿತು. ಈಗ ಅಂಚು ಎಂಬುದು ಮೆಟ್ಟಿಲು. ಎಡಕ್ಕೆ ಸರಿ, ಇನ್ನೂ ಸರಿ ಅಂತ ಎಲ್ಲರೂ ಸೈಕಲ್ಲಿನವನಿಗೆ ಬುದ್ಧಿ ಹೇಳುತ್ತಾರೆ, ಆ ಮೆಟ್ಟಿಲು ಅವರ ಕಣ್ಣಿಗೆ ಬಿದ್ದಿಲ್ಲ. ಅಂದಿನಿಂದ ನಾನು ಎರಡು ಮೊಳ ಒಳಗೇ ಹೋಗುತ್ತೇನೆ. ಹಾರನ್ ಕಮ್ಮಿಯಾಗಿಲ್ಲ, ಉಜ್ಜಿಕೊಂಡು ಹೋಗುವುದು ಕಮ್ಮಿಯಾಗಿದೆ. ಪೇಟೆಯೊಳಗೆ ನಿಂತ ಕಾರುಗಳಿಂದಲೂ ಅದೇ ಎರಡು ಮೊಳ ದೂರ, ಯಾವ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ. ತಿರುವಿನಲ್ಲಿ ಲಾರಿಯ ಎಡ ಮಗ್ಗುಲಿಗೆ ತೂರಿಕೊಳ್ಳುವುದಿಲ್ಲ. ಬಿ.ಎಚ್. ರಸ್ತೆಯಲ್ಲಿ ಬಲಕ್ಕೆ ತಿರುಗಬೇಕಾದಾಗ ಇಳಿದು ತಳ್ಳಿಕೊಂಡು ದಾಟುತ್ತೇನೆ. ‘ಮೇಷ್ಟ್ರು ತಳ್ಕೊಂಡು ಹೋಗ್ತಾವ್ರೆ, ಪಂಚರ್ರಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೌದು ಅನ್ನುತ್ತೇನೆ. ವಿವರಿಸುವುದಕ್ಕಿಂತ ಅದು ಸುಲಭ.

ಎಂಬತ್ತರ ದಶಕದ ಕೊನೆಗೆ, ನಾನು ಓದು ಮುಗಿಸುವಷ್ಟರಲ್ಲಿ, ಬಿಲ್ಲೆ ಕೇಳುವವರು ಇರಲಿಲ್ಲ. ದೀಪ ಮುಟ್ಟಿ ನೋಡುವವರೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಬಂತು, ಉಗಿ ಹೋಯಿತು, ಮನೆಮನೆಗೆ ಫೋನು ಬಂದು ಕಾಲ್ ಬುಕ್ಕಿಗೂ ಕೆಲಸವಿಲ್ಲದಾಯಿತು. ಬಿಲ್ಲೆ ತೆಗೆದಾಗ ಎಲ್ಲರಿಗೂ ಖುಷಿಯೇ, ಪೀಡೆ ತೊಲಗಿತು ಅಂತ. ಆದರೆ ನನಗೊಂದು ಅನುಮಾನ. ಬಿಲ್ಲೆ ಇದ್ದಷ್ಟು ದಿನ ಸೈಕಲ್ಲು ಸರ್ಕಾರದ ಕಣ್ಣಲ್ಲಿ ಒಂದು ಗಾಡಿ. ತೆರಿಗೆ ಕಟ್ಟಿದ್ದೀನಿ, ದಾರಿ ನಂದೂ ಹೌದು ಅನ್ನುವ ಗತ್ತು ಹಾಲಿನವನಿಗೂ ಇತ್ತು. ಬಿಲ್ಲೆ ಹೋದ ಮೇಲೆ ಸೈಕಲ್ಲನ್ನು ಲೆಕ್ಕಕ್ಕೆ ಹಿಡಿಯುವವರು ಯಾರೂ ಉಳಿಯಲಿಲ್ಲ. ರಸ್ತೆ ಅಗಲ ಮಾಡುವವರೂ ಹಿಡಿಯಲಿಲ್ಲ. ಹಳೇ ಪೀಡೆಯನ್ನು ಹೊಗಳುತ್ತಿಲ್ಲ. ಹಾಲಿನವನ ಸೈಕಲ್ಲು ಕಿತ್ತು ಮಲಗಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಸರ್ಕಾರ ಮತ್ತೆ ಸೈಕಲ್ಲಿನ ಕಡೆ ತಿರುಗಿದ್ದು 2006–07ರಲ್ಲಿ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ಲು. ಆ ವರ್ಷ ನಮ್ಮ ಶಾಲೆಯ ಅಂಗಳದಲ್ಲಿ ಹೊಸ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದ್ದು ಕಣ್ಣಿಗೆ ಕಟ್ಟಿದಂತಿದೆ. ಸೀಟಿನ ಪ್ಲಾಸ್ಟಿಕ್ಕನ್ನು ಹುಡುಗಿಯರು ತಿಂಗಳುಗಟ್ಟಲೆ ತೆಗೆಯಲಿಲ್ಲ. ನಮ್ಮ ಕಾಲದಲ್ಲಿ ಊರಿಡೀ ಸೈಕಲ್ ಹೊಡೆಯುವ ಹೆಂಗಸು ಅಂತ ನಾನು ಕಂಡದ್ದು ಒಬ್ಬ ನರ್ಸಮ್ಮನನ್ನು ಮಾತ್ರ. ಅವರು ಹೋಗುತ್ತಿದ್ದರೆ ಜನ ನಿಂತು ನೋಡುತ್ತಿದ್ದರು. ಸೈಕಲ್ಲು ಸಿಕ್ಕ ಮೇಲೆ ಹತ್ತಿಪ್ಪತ್ತು ಹುಡುಗಿಯರು ಹಿಂಡಾಗಿ ಬರುತ್ತಿದ್ದರು, ಯಾರೂ ನಿಂತು ನೋಡುತ್ತಿರಲಿಲ್ಲ. ಕೋವಿಡ್ ವರ್ಷದಲ್ಲಿ ಆ ಹಂಚಿಕೆ ನಿಂತಿತು. 2020ರಲ್ಲೇ, ಜೂನ್ 3ರ ವಿಶ್ವ ಸೈಕಲ್ ದಿನದಂದೇ ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆ ಮುಚ್ಚಿತು. ಸುದ್ದಿ ಓದಿ ಹೇಳಿದಾಗ ಸೈಕಲ್ ಶಾಪಿನ ಸಾಹೇಬರು, ಆ ಹಳೇ ನೋಟ್‌ಬುಕ್ಕಿನವರ ಮಗ, ಸ್ವಲ್ಪ ಹೊತ್ತು ಟ್ಯೂಬಿಗೆ ಅರ ಉಜ್ಜುವುದನ್ನು ನಿಲ್ಲಿಸಿ, ‘ಒಳ್ಳೇ ಮಾಲು ಸಾರ್’ ಅಂದರು. ಮತ್ತೆ ಉಜ್ಜತೊಡಗಿದರು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ. ಬಸ್ಸು ಇರುವ ಊರಿನ ಹುಡುಗಿಯರು ಬಸ್ಸಿಗೆ ಹೋದರು, ಹೋಗಲಿ, ಮಳೆ ಬಿಸಿಲು ತಪ್ಪಿತು. ಬಸ್ಸಿಲ್ಲದ ಹಳ್ಳಿಯ ಆರೇಳು ಮಕ್ಕಳು ಮಾತ್ರ ಅಣ್ಣ ಅಕ್ಕಂದಿರ ಹಳೇ ಸೈಕಲ್ಲಿನಲ್ಲಿ ಬರುತ್ತವೆ.

ಸಂಜೆ ನಾನು ಹೊರಡುವ ಹೊತ್ತಿಗೆ ಅವರೂ ಹೊರಡುತ್ತಾರೆ. ಮೊದಮೊದಲು ಮೂರು ಮೂರು ಜನ ಜೊತೆಜೊತೆಗೆ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಈಗ ಒಬ್ಬರ ಹಿಂದೆ ಒಬ್ಬರು, ಕೊನೆಗೆ ನಾನು. ಹಿಂದಿನ ಕೆಂಪು ರಿಫ್ಲೆಕ್ಟರ್ ಕೆಸರು ಹಿಡಿದಿದ್ದರೆ ಹೊರಡುವ ಮುಂಚೆ ಒರೆಸಿಕೊಳ್ಳಬೇಕು ಅಂತ ಕಟ್ಟಳೆ. ಪೆಡಲಿನ ಹಳದಿ ರಿಫ್ಲೆಕ್ಟರುಗಳು ಎಲ್ಲರದ್ದೂ ಉದುರಿಹೋಗಿದ್ದವು. ಸಾಹೇಬರ ಹತ್ತಿರ ಒಂದು ಪೊಟ್ಟಣ ತಂದು ಹಾಕಿಸಿದೆ. ಕತ್ತಲಲ್ಲಿ ಅವು ಮೇಲೆ ಕೆಳಗೆ ಆಡುವುದನ್ನು ನೋಡಿದ ತಕ್ಷಣ ಹಿಂದಿನವನಿಗೆ ಇದು ಸೈಕಲ್ಲು ಅಂತ ಗೊತ್ತಾಗುತ್ತದೆ, ಹಿಂದಿನ ಕೆಂಪು ಒಂದೇ ಆದರೆ ಕಲ್ಲುಕಂಬವೂ ಇರಬಹುದು. ಕಿವಿಗೆ ಏನೂ ಸಿಕ್ಕಿಸಿಕೊಳ್ಳುವ ಹಾಗಿಲ್ಲ. ಬೆನ್ನಿಗೆ ಕಣ್ಣಿಲ್ಲ, ಕಿವಿಯಾದರೂ ಇರಲಿ ಅನ್ನುವುದು ಅಪ್ಪನ ಮಾತು. ನನ್ನದೇ ಅನ್ನುವ ಹಾಗೆ ಹೇಳುತ್ತೇನೆ.

ಹೋದ ತಿಂಗಳು ಆ ಬಿಲ್ಲೆಯನ್ನು ನನ್ನ ಸೈಕಲ್ಲಿಗೆ ಹಾಕಿಸೋಣ ಅನ್ನಿಸಿತು. ಸಾಹೇಬರು ಕೈಯಲ್ಲಿ ಹಿಡಿದು ತಿರುವಿ ನೋಡಿದರು. ಈಗಿನ ಹ್ಯಾಂಡಲ್ಲಿನಲ್ಲಿ ಇದಕ್ಕೆ ಜಾಗವೇ ಇಲ್ಲ, ಆಗ ಇದಕ್ಕೆ ಅಂತಲೇ ಒಂದು ಸ್ಕ್ರೂ ಇರುತ್ತಿತ್ತು ಅಂದರು. ಕೊನೆಗೆ ಸೀಟಿನ ಕೆಳಗೆ ತಂತಿಯಲ್ಲಿ ಕಟ್ಟಿದರು. ದುಡ್ಡು ತಗೊಳ್ಳಲಿಲ್ಲ.

ಮರುದಿನ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬಗ್ಗಿ ನೋಡಿ ಕೇಳಿದಳು: ‘ಸಾರ್, ಇದು ನಾಯಿ ಕುತ್ತಿಗೆಗೆ ಹಾಕೋದಲ್ವಾ?’